ಸೀಗೆ ಹುಣ್ಣಿಮೆಯ ಚಂದ್ರನಿಗೇ ಬಂದ ಮೂನ್‌ಕೇಕ್ ಹಬ್ಬ

ಅಂಕಣ: ನಮ್ಮ ಬೀದಿಯ ಹಬ್ಬಗಳು

ನವರಾತ್ರಿಯ ಗೊಂಬೆಗಳನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದ್ದಾಯಿತು. ದೀಪಾವಳಿಗೆ ಇನ್ನೂ ಎರಡು ವಾರಕ್ಕಿಂತ ಹೆಚ್ಚು ಸಮಯವಿದೆ. ನಡುವೆ ಯಾವ ಹಬ್ಬವೂ ಇಲ್ಲ ಎಂದು ನೀವು ಅಂದುಕೊಂಡಿದ್ದರೆ, ಈ ವಾರ ಸೆಂಟರ್‌ವಿಲ್‌ನ ಯಾವುದಾದರೂ ಏಷ್ಯನ್ ಅಂಗಡಿಗೆ ಹೋಗಿ ಬನ್ನಿ. ಬಾಗಿಲ ಹತ್ತಿರವೇ ಕೆಂಪು, ಬಂಗಾರದ ಬಣ್ಣದ ತಗಡಿನ ಡಬ್ಬಿಗಳು ಎದೆಮಟ್ಟ ಪೇರಿಸಿರುತ್ತವೆ. ಡಬ್ಬಿಯ ಮೇಲೆ ಚಂದ್ರ, ಮೊಲ, ಗಾಳಿಯಲ್ಲಿ ಸೆರಗು ಹಾರಿಸುತ್ತಾ ತೇಲುವ ಒಬ್ಬ ಹೆಂಗಸು. ಒಳಗಿರುವುದು ಮೂನ್‌ಕೇಕ್. ಚೀನೀಯರ ಶರತ್ಕಾಲದ ಹಬ್ಬ ಈ ವರ್ಷ ಅಕ್ಟೋಬರ್ 6, ಸೋಮವಾರ.

ಅದೇ ದಿನ ಕೊರಿಯನ್ನರಿಗೆ ಚುಸೊಕ್. ವಿಯೆಟ್ನಾಮಿನವರಿಗೆ ತೆಟ್ ಟ್ರುಂಗ್ ಥು, ಅದು ಮುಖ್ಯವಾಗಿ ಮಕ್ಕಳ ಹಬ್ಬ. ಫಾಲ್ಸ್ ಚರ್ಚ್‌ನ ಈಡನ್ ಸೆಂಟರ್‌ಗೆ ಈ ಸಮಯದಲ್ಲಿ ಹೋದರೆ ಮಕ್ಕಳ ಕೈಯಲ್ಲಿ ಬಣ್ಣದ ಲಾಟೀನುಗಳನ್ನು ನೋಡಬಹುದು. ಕೊರಿಯನ್ ಅಕ್ಷರದ ಬೋರ್ಡು ಇಲ್ಲದ ಅಂಗಡಿ ಸಾಲು ಸಿಗುವುದೇ ಕಷ್ಟವಾದ ನಮ್ಮ ಊರಿನಲ್ಲಿ ಇದು ದೊಡ್ಡ ಹಬ್ಬವೇ ಸರಿ. ಆದರೆ ಈ ತಿಂಗಳು ಇದರ ಬಗ್ಗೆ ಬರೆಯಲು ನನಗೆ ಇನ್ನೊಂದು ಕಾರಣವಿದೆ. ಅದೇ ಹುಣ್ಣಿಮೆ ನಮಗೂ ಹಬ್ಬ. ಆಶ್ವಯುಜ ಮಾಸದ ಹುಣ್ಣಿಮೆ, ಅಂದರೆ ಸೀಗೆ ಹುಣ್ಣಿಮೆ. ಮಲೆನಾಡಿನವರಾದರೆ ಭೂಮಿ ಹುಣ್ಣಿಮೆ ಎನ್ನುತ್ತೀರಿ. ನಿಮ್ಮಲ್ಲಿ ಎಷ್ಟು ಮನೆಯವರು ಇಲ್ಲಿ ಅದನ್ನು ಆಚರಿಸುತ್ತೀರಿ? ನಮ್ಮ ತರಗತಿಯಲ್ಲಿ ಕೇಳಿದೆ. ಹದಿನಾಲ್ಕು ಜನರಲ್ಲಿ ಹೆಸರು ಕೇಳಿದವರು ಮೂವರು, ಆಚರಿಸುವವರು ಒಬ್ಬರೂ ಇಲ್ಲ. ಮೂನ್‌ಕೇಕ್ ತಿಂದವರು ಮಾತ್ರ ಹನ್ನೊಂದು ಜನ! ಇದು ಯಾಕೆ ಹೀಗೆ ಎಂದು ಯೋಚಿಸುತ್ತಾ ಬರೆದದ್ದು ಈ ಸಲದ ಅಂಕಣ.

ಮೊದಲು ಅವರ ಹಬ್ಬ. ಚೀನೀ ಭಾಷೆಯಲ್ಲಿ ಇದರ ಹೆಸರು ಜೋಂಗ್‌ಚ್ಯೂ, ಶರತ್ಕಾಲದ ನಡುಮಧ್ಯ ಎಂದು ಅರ್ಥ. ಅವರ ಪಂಚಾಂಗದ ಎಂಟನೇ ತಿಂಗಳ ಹದಿನೈದನೇ ದಿನ. ಬಹಳ ಹಿಂದೆ ಶರತ್ಕಾಲದಲ್ಲಿ ಚಂದ್ರನಿಗೆ ಪೂಜೆ ಮಾಡುವುದು ರಾಜರ ಕೆಲಸವಾಗಿತ್ತು. ಟಾಂಗ್ ರಾಜರ ಕಾಲದಲ್ಲಿ ಕವಿಗಳು, ವಿದ್ವಾಂಸರು ಕುಳಿತು ಚಂದ್ರನನ್ನು ನೋಡುವ ರೂಢಿ ಬೆಳೆಯಿತು. ಅದರ ನಂತರದ ಸಾಂಗ್ ಕಾಲಕ್ಕೆ ರಾತ್ರಿಯಿಡೀ ಅಂಗಡಿ ತೆರೆದಿರುವ ಜನರ ಹಬ್ಬವಾಯಿತು. ಈಗ ಚೀನಾದಲ್ಲಿ 2008ರಿಂದ ಸರ್ಕಾರಿ ರಜೆಯೂ ಇದೆ. ಈ ವರ್ಷ ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಯೂ ಸೇರಿಕೊಂಡು ಅಲ್ಲಿನ ಮಕ್ಕಳಿಗೆ ಒಟ್ಟು ಎಂಟು ದಿನ ರಜೆ. ನಮಗೆ ಸೋಮವಾರ ಎಂದಿನಂತೆ ಶಾಲೆ.

ಆ ರಾತ್ರಿ ಮಾಡುವುದೇನು? ಮನೆಯವರೆಲ್ಲ ಒಟ್ಟಿಗೆ ಊಟ ಮಾಡುತ್ತಾರೆ. ಚಂದ್ರ ಕಾಣುವ ಕಡೆ ಮೇಜು ಹಾಕಿ ಹಣ್ಣು, ಚಹಾ, ಮೂನ್‌ಕೇಕ್ ಇಡುತ್ತಾರೆ. ಹಣ್ಣುಗಳಲ್ಲಿ ಮುಖ್ಯವಾದದ್ದು ನಮ್ಮ ಚಕ್ಕೋತ, ದೇವನಹಳ್ಳಿಯದು ಎಂದು ಹೆಸರಾದ ಅದೇ ಜಾತಿ. ದಕ್ಷಿಣ ಚೀನಾದ ಕಡೆ ಬೇಯಿಸಿದ ಕೆಸುವಿನ ಗಡ್ಡೆಯನ್ನೂ ಇಡುತ್ತಾರೆ. ನಂತರ ಎಲ್ಲರೂ ಹೊರಗೆ ಕುಳಿತು ಚಂದ್ರನನ್ನು ನೋಡುವುದು. ಅಷ್ಟೇ. ಹೋಮ ಇಲ್ಲ, ಮಂತ್ರ ಇಲ್ಲ, ಉಪವಾಸ ಇಲ್ಲ. ಚೌತಿಯ ದಿನ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಎಂದು ಮನೆಯೊಳಗೇ ಕೂರುವ ನಮಗೆ ಇದು ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ.

ಮೂನ್‌ಕೇಕ್ ಎಂಬ ಹೆಸರು ಕೇಳಿ ಹುಟ್ಟುಹಬ್ಬದ ಕೇಕನ್ನು ನೆನೆಸಿಕೊಳ್ಳಬೇಡಿ. ಅದು ಕೇಕಿಗಿಂತ ಹೋಳಿಗೆಗೇ ಹತ್ತಿರದ ಸಂಬಂಧಿ. ಹೊರಗೆ ತೆಳ್ಳಗಿನ ಕಣಕ, ಒಳಗೆ ತುಂಬಾ ಹೂರಣ. ಹೂರಣ ಅರೆದ ತಾವರೆ ಬೀಜದ್ದಾಗಿರಬಹುದು, ಬೇಯಿಸಿದ ಕೆಂಪು ಕಾಳಿನದ್ದಾಗಿರಬಹುದು. ಲಟ್ಟಿಸುವ ಬದಲು ಮರದ ಅಚ್ಚಿಗೆ ಒತ್ತಿ ತೆಗೆದು ಒಲೆಯಲ್ಲಿ ಬೇಯಿಸುತ್ತಾರೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನು ನೀವು ನೋಡಿದ್ದರೆ ಅವರ ಅಚ್ಚು ನೋಡಿದ ತಕ್ಷಣ ನಗು ಬರುತ್ತದೆ, ಅಷ್ಟು ಒಂದೇ ಥರ. ಕ್ಯಾಂಟನ್ ಕಡೆಯ ಮೂನ್‌ಕೇಕ್‌ನ ನಡುವೆ ಉಪ್ಪು ಹಾಕಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ ಭಾಗ ಇರುತ್ತದೆ. ಕತ್ತರಿಸಿದಾಗ ಅದು ಹುಣ್ಣಿಮೆ ಚಂದ್ರನ ಹಾಗೆ ಕಾಣಬೇಕು ಎಂದು. ಸೂಜೋ ನಗರದ ಕಡೆಯದ್ದು ಬೇರೆ ರೀತಿ, ಚಿರೋಟಿಯ ಹಾಗೆ ಪದರ ಪದರ. ನಿಮ್ಮ ಮನೆಯಲ್ಲಿ ಸಸ್ಯಾಹಾರ ಎಂದಾದರೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ತನ್ನಿ. ಮೊಟ್ಟೆ ಇಲ್ಲದಿದ್ದರೂ ಹಂದಿಯ ಕೊಬ್ಬು ಇರುವುದುಂಟು. ಮತ್ತೆ, ಒಬ್ಬರೇ ಒಂದು ಪೂರ್ತಿ ತಿನ್ನಲು ಹೋಗಬೇಡಿ. ಕಾಲು ಭಾಗಕ್ಕೇ ಸಾಕಾಗುತ್ತದೆ, ಜೊತೆಗೆ ಸಕ್ಕರೆ ಇಲ್ಲದ ಚಹಾ ಬೇಕೇ ಬೇಕು.

ನಿಜ ಹೇಳಬೇಕೆಂದರೆ ಈಗ ಮೂನ್‌ಕೇಕ್ ತಿನ್ನುವುದಕ್ಕಿಂತ ಕೊಡುವುದು ಹೆಚ್ಚು. ಆಫೀಸಿನವರು ಆಫೀಸಿನವರಿಗೆ, ಅವರು ಬೀಗರಿಗೆ, ಬೀಗರು ಇನ್ಯಾರಿಗೋ. ನಮ್ಮ ದೀಪಾವಳಿಯ ಡ್ರೈ ಫ್ರೂಟ್ಸ್ ಡಬ್ಬಿ ಊರೆಲ್ಲ ಸುತ್ತಿ ಬರುವ ಹಾಗೆ! ಡಬ್ಬಿಯ ಆಡಂಬರ ಎಷ್ಟಾಯಿತೆಂದರೆ 2022ರಲ್ಲಿ ಚೀನಾ ಸರ್ಕಾರವೇ ಮೂನ್‌ಕೇಕ್ ಪೊಟ್ಟಣಕ್ಕೆ ಮೂರು ಪದರಕ್ಕಿಂತ ಹೆಚ್ಚು ಇರಬಾರದು ಎಂದು ನಿಯಮ ಬಿಗಿ ಮಾಡಿತು.

ಡಬ್ಬಿಯ ಮೇಲೆ ತೇಲುವ ಹೆಂಗಸು ಚಾಂಗ್‌ಅ. ಆಕೆಯ ಕಥೆ ಹೀಗಿದೆ. ಒಂದಾನೊಂದು ಕಾಲದಲ್ಲಿ ಆಕಾಶದಲ್ಲಿ ಹತ್ತು ಸೂರ್ಯರು ಒಟ್ಟಿಗೆ ಹುಟ್ಟಿ ಭೂಮಿ ಸುಡತೊಡಗಿತು. ಹೋ ಯೀ ಎಂಬ ಬಿಲ್ಲುಗಾರ ಒಂಬತ್ತು ಸೂರ್ಯರನ್ನು ಹೊಡೆದು ಕೆಡವಿದ. ಅವನಿಗೆ ಬಹುಮಾನವಾಗಿ ಅಮೃತ ಸಿಕ್ಕಿತು. ಅದನ್ನು ಕುಡಿದದ್ದು ಮಾತ್ರ ಅವನ ಹೆಂಡತಿ ಚಾಂಗ್‌ಅ. ಆಸೆಯಿಂದ ಕುಡಿದಳು ಎಂದು ಒಂದು ಕಥೆ. ಕಳ್ಳ ಶಿಷ್ಯನ ಕೈಗೆ ಸಿಗದಿರಲಿ ಎಂದು ಬೇರೆ ದಾರಿಯಿಲ್ಲದೆ ಕುಡಿದಳು ಎಂದು ಇನ್ನೊಂದು. ಕುಡಿದ ಕೂಡಲೇ ಮೈ ಹಗುರವಾಗಿ ಮೇಲೆ ತೇಲಿ ಚಂದ್ರನನ್ನು ಸೇರಿದಳು. ಗಂಡ ಕೆಳಗೆ, ಹೆಂಡತಿ ಮೇಲೆ. ಆಕೆಗೆ ಇಷ್ಟವಾದ ಹಣ್ಣು, ತಿಂಡಿಯನ್ನು ಅಂಗಳದಲ್ಲಿ ಇಟ್ಟು ಅವನು ಚಂದ್ರನನ್ನು ನೋಡುತ್ತಾ ನಿಂತ. ಹಬ್ಬದ ಮೇಜು ಅಲ್ಲಿಂದ ಬಂತು ಎನ್ನುತ್ತಾರೆ.

ಚಂದ್ರನಲ್ಲಿ ಆಕೆಗೆ ಜೊತೆಗಿರುವುದು ಒಂದು ಮೊಲ. ಅದು ಒರಳಿನಲ್ಲಿ ಔಷಧಿ ಕುಟ್ಟುತ್ತದೆ. ಕೊರಿಯನ್ನರ ಮೊಲ ಔಷಧಿಯ ಬದಲು ಅಕ್ಕಿ ಕುಟ್ಟುತ್ತದೆ. ನಮ್ಮ ಮೊಲ ಎಲ್ಲಿ ಎಂದು ಕೇಳುತ್ತೀರಾ? ಅದು ನಮ್ಮ ಭಾಷೆಯಲ್ಲೇ ಕೂತಿದೆ. ಶಶ ಎಂದರೆ ಮೊಲ. ಮೊಲ ಉಳ್ಳವನು ಶಶಿ, ಮೊಲದ ಗುರುತು ಇರುವವನು ಶಶಾಂಕ. ಕನ್ನಡ ಶಾಲೆಯಲ್ಲಿ ಇಬ್ಬರು ಶಶಾಂಕರನ್ನು ಕಂಡಿದ್ದೇನೆ, ಇಬ್ಬರಿಗೂ ತಮ್ಮ ಹೆಸರಿನಲ್ಲಿ ಮೊಲ ಇದೆ ಎಂದು ಗೊತ್ತಿರಲಿಲ್ಲ. ಬುದ್ಧನ ಜಾತಕ ಕಥೆಗಳಲ್ಲಿ, ಹಸಿದು ಬಂದ ಅತಿಥಿಗೆ ಕೊಡಲು ಬೇರೇನೂ ಇಲ್ಲದೆ ತಾನೇ ಬೆಂಕಿಗೆ ಹಾರಿದ ಮೊಲದ ಕಥೆ ಇದೆ. ಅದರ ನೆನಪಿಗೆ ಇಂದ್ರ ಚಂದ್ರನ ಮೇಲೆ ಮೊಲದ ಚಿತ್ರ ಬರೆದನಂತೆ. ಚೀನಾ ತನ್ನ ಚಂದ್ರನೌಕೆಗಳಿಗೆಲ್ಲ ಚಾಂಗ್‌ಅ ಎಂದೇ ಹೆಸರಿಟ್ಟಿದೆ. 2013ರಲ್ಲಿ ಇಳಿದ ಪುಟ್ಟ ಬಂಡಿಯ ಹೆಸರು ಯೂಟೂ, ಅಂದರೆ ಹಸಿರುಕಲ್ಲಿನ ಮೊಲ. ಕಳೆದ ವರ್ಷ ಜೂನ್‌ನಲ್ಲಿ ಚಾಂಗ್‌ಅ 6 ಚಂದ್ರನ ಆಚೆ ಬದಿಯಿಂದ ಸುಮಾರು ಎರಡು ಕಿಲೋ ಮಣ್ಣು ತಂದಿತು. ಬೆಂಗಳೂರಿನ ಇಸ್ರೋ 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವದ ಹತ್ತಿರ ವಿಕ್ರಮನನ್ನು ಇಳಿಸಿದಾಗ ಅದರ ಬಂಡಿಗೆ ಪ್ರಜ್ಞಾನ್ ಎಂದು ಹೆಸರಿತ್ತು. ಶಶಾಂಕ ಎಂದಿಟ್ಟಿದ್ದರೆ ಎರಡೂ ಮೊಲಗಳು ಒಂದೇ ಕಡೆ ಆಗುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

ಈ ಹಬ್ಬದ ಒಳಗಿನ ಮಾತು ತ್ವಾನ್‌ಯುವಾನ್. ದುಂಡಗೆ ಕೂಡುವುದು, ಮನೆಯವರೆಲ್ಲ ಸೇರುವುದು. ಚಂದ್ರ ದುಂಡಗೆ, ಮೂನ್‌ಕೇಕ್ ದುಂಡಗೆ, ಊಟದ ಮೇಜೂ ದುಂಡಗೆ. ಆದರೆ ಕಥೆಯನ್ನು ಇನ್ನೊಮ್ಮೆ ನೋಡಿ. ಸೇರುವ ಹಬ್ಬದ ನಡುವೆ ಇಟ್ಟಿರುವುದು ಅಗಲಿದವರ ಕಥೆ. 1076ರಲ್ಲಿ ಸು ಶೀ ಎಂಬ ಕವಿ ಈ ಹಬ್ಬದ ರಾತ್ರಿ ಬರೆದ ಪದ್ಯವನ್ನು ಚೀನೀ ಮಕ್ಕಳೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಆತ ಅದನ್ನು ಬರೆದದ್ದು ಬಹಳ ವರ್ಷ ನೋಡದೇ ಇದ್ದ ತಮ್ಮನನ್ನು ನೆನೆದು. ನನ್ನ ಒಬ್ಬ ಗೆಳತಿಯ ಮನೆಯಲ್ಲಿ ಮೂನ್‌ಕೇಕನ್ನು ಐದು ತುಂಡು ಮಾಡುತ್ತಾರೆ. ಮನೆಯಲ್ಲಿ ಇರುವುದು ನಾಲ್ಕು ಜನ. ಐದನೆಯದು ಸೂಜೋದಲ್ಲಿರುವ ಅವಳ ವೈಪೊಗೆ, ಅಂದರೆ ಅಮ್ಮನ ಅಮ್ಮನಿಗೆ. ಅದು ರಾತ್ರಿಯಿಡೀ ತಟ್ಟೆಯಲ್ಲೇ ಇರುತ್ತದೆ, ಮರುದಿನ ಬೆಳಿಗ್ಗೆ ಅವಳ ತಮ್ಮ ತಿನ್ನುತ್ತಾನೆ. ದೂರ ಇರುವವರಿಗೆ ಈ ಹಬ್ಬದಲ್ಲಿ ಮೊದಲಿನಿಂದಲೂ ಒಂದು ಜಾಗ ಇದೆ. ಹಾಗಾಗಿಯೇ ಇದು ಹಡಗು ಹತ್ತಿ ಎಲ್ಲ ದೇಶಕ್ಕೂ ಹೋಯಿತು ಎಂದು ನನಗನ್ನಿಸುತ್ತದೆ. ಬೇಕಾದದ್ದು ಎರಡೇ, ಒಂದು ಡಬ್ಬಿ, ಒಂದು ಚಂದ್ರ.

ಸೀಗೆ ಹುಣ್ಣಿಮೆಗೆ ಬರುವ ಮೊದಲು ಸ್ವಲ್ಪ ಲೆಕ್ಕ. ಗಣಿತ ಬೇಡವಾದವರು ಮುಂದಿನ ಎರಡು ಪ್ಯಾರಾ ಹಾರಿಸಬಹುದು, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಾಮಾನ್ಯವಾಗಿ ಚೀನೀಯರ ಎಂಟನೇ ತಿಂಗಳು ನಮ್ಮ ಭಾದ್ರಪದ. ಕಳೆದ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು, ಅವರ ಹಬ್ಬ ಸೆಪ್ಟೆಂಬರ್ 17ಕ್ಕೆ. ನಾವು ಮುಖ ತಿರುಗಿಸಿದ ಅದೇ ಚೌತಿ ಚಂದ್ರ ಹತ್ತು ದಿನ ಬೆಳೆದು ಅವರ ಮೇಜಿನ ಮುಂದೆ ಬಂದಿದ್ದ! ಈ ವರ್ಷ ಚೌತಿ ಆಗಸ್ಟ್ 27ಕ್ಕೇ ಆಗಿಹೋಯಿತು. ಅವರ ಹಬ್ಬ ಮಾತ್ರ ಒಂದು ಹುಣ್ಣಿಮೆ ಮುಂದಕ್ಕೆ ಹೋಗಿ ಅಕ್ಟೋಬರ್ 6ಕ್ಕೆ ಬಂತು. ಕಾರಣ ಅಧಿಕ ಮಾಸ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಅದನ್ನು ತುಂಬಲು ಎರಡೂ ಪಂಚಾಂಗದಲ್ಲಿ ಆಗಾಗ ಒಂದು ತಿಂಗಳು ಸೇರಿಸುತ್ತಾರೆ, 19 ವರ್ಷಕ್ಕೆ 7 ಸಲ.

ಯಾವ ತಿಂಗಳನ್ನು ಸೇರಿಸುವುದು ಎನ್ನುವ ನಿಯಮವೂ ಹೆಚ್ಚುಕಡಿಮೆ ಒಂದೇ. ಯಾವ ಚಾಂದ್ರಮಾಸದಲ್ಲಿ ಸಂಕ್ರಮಣ ಬರುವುದಿಲ್ಲವೋ ಅದು ನಮಗೆ ಅಧಿಕ ಮಾಸ. ಚೀನೀಯರಿಗೂ ಸೂರ್ಯನ ಹನ್ನೆರಡು ಗುರುತುಗಳಿವೆ, ಆ ಗುರುತು ಬೀಳದ ತಿಂಗಳು ಅಧಿಕ. ವ್ಯತ್ಯಾಸ ಇಷ್ಟೇ, ನಾವು ನಕ್ಷತ್ರಗಳನ್ನು ನೋಡಿ ಸಂಕ್ರಮಣ ಲೆಕ್ಕ ಹಾಕುತ್ತೇವೆ, ಅವರು ಹಗಲು ರಾತ್ರಿಯ ಉದ್ದ ನೋಡಿ. ನಮ್ಮ ಮಕರ ಸಂಕ್ರಾಂತಿ ಜನವರಿ 14ರ ಹೊತ್ತಿಗೆ, ಅವರ ಅದೇ ಗುರುತು ಡಿಸೆಂಬರ್ 21ರ ಹೊತ್ತಿಗೆ. ಈ 24 ದಿನಗಳ ಅಂತರದಿಂದಾಗಿ ಅಧಿಕ ಮಾಸಗಳು ಬೇರೆ ಬೇರೆ ಸಮಯಕ್ಕೆ ಬೀಳುತ್ತವೆ. ಅವರಿಗೆ ಈ ವರ್ಷ ಆರನೇ ತಿಂಗಳು ಎರಡು ಸಲ ಬಂತು, ಎರಡನೆಯದು ಜುಲೈ 25ರಿಂದ ಆಗಸ್ಟ್ 22ರವರೆಗೆ. ನಮಗೆ ಅಧಿಕ ಜ್ಯೇಷ್ಠ ಬರುವುದು 2026ರ ಮೇ ತಿಂಗಳಲ್ಲಿ. ಈ ನಡುವಿನ ಕೆಲವು ತಿಂಗಳು ಮಾತ್ರ ಅವರು ನಮಗಿಂತ ಒಂದು ಹೆಜ್ಜೆ ಹಿಂದೆ. ಆ ಸಂದಿಯಲ್ಲಿ ಎರಡು ಹಬ್ಬ ಒಂದೇ ಹುಣ್ಣಿಮೆಯ ಕೆಳಗೆ ಸಿಕ್ಕಿವೆ. 2017ರಲ್ಲೂ ಹೀಗಾಗಿತ್ತು. 2006ರಲ್ಲಂತೂ ಇದೇ ಅಕ್ಟೋಬರ್ 6ಕ್ಕೆ, ನಾನು ಹುಟ್ಟುವ ಮೊದಲು. ಮುಂದಿನ ವರ್ಷ ಮತ್ತೆ ಬೇರೆ ಬೇರೆ. ಅವರದು ಸೆಪ್ಟೆಂಬರ್ 25ಕ್ಕೆ, ನಮ್ಮದು ಅಕ್ಟೋಬರ್ ಕೊನೆಗೆ.

ಸರಿ, ಹಾರಿಸಿದವರು ಇಲ್ಲಿಂದ ಓದಿ.

ಸೀಗೆ ಹುಣ್ಣಿಮೆಯ ಹೊತ್ತಿಗೆ ಊರಿನಲ್ಲಿ ಪೈರು ತುಂಬಿ ನಿಂತಿರುತ್ತದೆ. ಮಲೆನಾಡಿನ ಗದ್ದೆಯಲ್ಲಿ ಭತ್ತ ಹೊಡೆ ಹಾಕಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಗರಿಯ ಒಳಗೆ ಉಬ್ಬಿಕೊಂಡಿರುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ, ಬಯಕೆ ತೀರಿಸಬೇಕು. ಇಡೀ ಹಬ್ಬ ಇಷ್ಟೇ, ಭೂಮಿತಾಯಿಗೆ ಸೀಮಂತದ ಊಟ. ಉತ್ತರ ಕರ್ನಾಟಕದಲ್ಲಿ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರಿನಲ್ಲಿ, ಹೊಲಕ್ಕೆ ಹೋಗುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿ ಪಲ್ಯ, ಮೊಸರನ್ನ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಅಲ್ಲೇ ಕುಳಿತು ಎಲ್ಲರೂ ಊಟ ಮಾಡುತ್ತಾರೆ.

ನಮ್ಮ ಅಮ್ಮನ ತವರು ಸಾಗರ ತಾಲ್ಲೂಕು. ಅಲ್ಲಿ ಹಬ್ಬ ರಾತ್ರಿಯೇ ಶುರು. ಆ ಕಡೆಯ ದೀವರ ಮನೆಗಳಲ್ಲಿ ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂದು ಅದರ ಹೆಸರು. ಹಸೆ ಚಿತ್ತಾರದ ಚಿತ್ರಗಳನ್ನು ಇಂಟರ್‌ನೆಟ್‌ನಲ್ಲಿ ನೋಡಿ, ಆ ಗೆರೆಗಳ ನಯ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ರಾತ್ರಿಯಿಡೀ ಅಡುಗೆ. ಬೇರೆ ಬೇರೆ ಸೊಪ್ಪುಗಳನ್ನು ಸೇರಿಸಿ ಬೇಯಿಸಿದ ಬೆರಕೆ ಸೊಪ್ಪು, ಹೀರೆಕಾಯಿ, ಕೆಸು, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಮನೆಯ ಗಂಡಸು ಬುಟ್ಟಿ ಹೊತ್ತು ದೀಪ ಹಿಡಿದು ಗದ್ದೆಗೆ ಹೋಗುತ್ತಾನೆ. ಪೂಜೆಯಾದ ಮೇಲೆ ಭೂಮಿತಾಯಿ ಬಂದು ಉಣ್ಣಲಿ ಎಂದು ಕೂಗುತ್ತಾ ಗದ್ದೆಗೆ ಬೀರುತ್ತಾರೆ. ಕಾಗೆಗೆ ಒಂದು ಪಾಲು, ಇಲಿಗೂ ಒಂದು ಪಾಲು. ಪೈರು ತಿನ್ನುವ ಇಲಿಯನ್ನೂ ಆ ದಿನ ಊಟಕ್ಕೆ ಕರೆಯುತ್ತಾರಲ್ಲ, ಅದು ನನಗೆ ಬಹಳ ಇಷ್ಟ.

ಕೊರಿಯನ್ನರು ಚುಸೊಕ್‌ಗೆ ಮಾಡುವ ಸೊಂಗ್‌ಪ್ಯೋನ್ ಎಂಬ ತಿಂಡಿಯೂ ಅಕ್ಕಿ ಹಿಟ್ಟಿನದೇ. ಒಳಗೆ ಎಳ್ಳಿನ ಹೂರಣ, ಆಕಾರ ನಮ್ಮ ಕಡುಬಿನ ಹಾಗೆ ಅರ್ಧಚಂದ್ರ, ಬೇಯಿಸುವುದು ಪೈನ್ ಮರದ ಎಲೆಯ ಹಾಸಿನ ಮೇಲೆ. ಹಲಸಿನ ಎಲೆ ಇರುವ ಕಡೆ ಹಲಸು, ಪೈನ್ ಇರುವ ಕಡೆ ಪೈನ್. ಅವರು ಅದನ್ನು ಹೊಸ ಅಕ್ಕಿಯಲ್ಲಿ ಮಾಡಿ ಹಿರಿಯರಿಗೆ ಎಡೆ ಇಡುತ್ತಾರೆ, ಸಮಾಧಿಯ ಸುತ್ತ ಬೆಳೆದ ಹುಲ್ಲು ಕೀಳುತ್ತಾರೆ. ನಮ್ಮ ಪಿತೃಪಕ್ಷ ಮತ್ತು ಸುಗ್ಗಿ ಎರಡೂ ಒಂದೇ ದಿನ ಬಂದ ಹಾಗೆ.

ಈಗ ಮೊದಲಿನ ಪ್ರಶ್ನೆ. ಗಣೇಶ ಸಮುದ್ರ ದಾಟಿದ, ದೀಪಾವಳಿ ದಾಟಿತು, ಯುಗಾದಿ ದಾಟಿತು. ರಾಜ್ಯೋತ್ಸವ ದಾಟಿ ಇಲ್ಲಿನ ಸ್ಕೂಲ್ ಆಡಿಟೋರಿಯಂನಲ್ಲಿ ಮೂರು ಗಂಟೆ ನಡೆಯುತ್ತದೆ. ಸೀಗೆ ಹುಣ್ಣಿಮೆ ಯಾಕೆ ಬರಲಿಲ್ಲ? ಅಪ್ಪ ಹೇಳಿದ್ದು, ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಬೆಂಗಳೂರು ದಾಟಿ ಬಂದವರು, ಹಬ್ಬ ಬೆಂಗಳೂರಿನಲ್ಲೇ ಇಳಿದುಬಿಟ್ಟಿತು ಎಂದು. ಇರಬಹುದು. ಆದರೆ ನನಗೆ ಅನ್ನಿಸುವುದು ಬೇರೆ. ಗಣೇಶನನ್ನು ಕರೆದುಕೊಂಡು ಬರಬಹುದು, ಅವನು ಮೂರ್ತಿ. ಭೂಮಿ ಹುಣ್ಣಿಮೆಯ ದೇವರು ಅಲ್ಲಿಯ ಗದ್ದೆ, ಅದೇ ಒಂದು ಗದ್ದೆ. ಅದನ್ನು ಸೂಟ್‌ಕೇಸಿನಲ್ಲಿ ತರುವುದು ಹೇಗೆ? ಮೂನ್‌ಕೇಕ್ ಹಬ್ಬ ಆಕಾಶವನ್ನು ನೋಡುತ್ತದೆ, ಆಕಾಶ ಎಲ್ಲ ಕಡೆ ಇದೆ. ನಮ್ಮದು ಕಾಲಡಿಯ ಮಣ್ಣನ್ನು ನೋಡುತ್ತದೆ.

ಕಷ್ಟ ಏನೆಂದರೆ ಆ ಗದ್ದೆ ಅಲ್ಲಿಯೂ ಇಲ್ಲ. ಎಂಟು ವರ್ಷದ ಹಿಂದೆ ಅಜ್ಜ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟರು. ಊರಿನಲ್ಲಿ ಬಹಳ ಜನ ಹಾಗೇ ಮಾಡಿದ್ದಾರೆ. ನೆಟ್ಟಿ ಮಾಡಲು, ಕೊಯ್ಯಲು ಆಳು ಸಿಗುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ, ಉಳಿದದ್ದನ್ನು ಮಂಗ, ಕಾಡುಹಂದಿ ಬಿಡುವುದಿಲ್ಲ. ಅಜ್ಜನ ಲೆಕ್ಕ ತಪ್ಪು ಎಂದು ನಾನು ಹೇಗೆ ಹೇಳಲಿ, ಅಮ್ಮನ ಕಾಲೇಜು ಫೀಸು ಕಟ್ಟಿದ್ದೂ ಹಳೇ ತೋಟದ ಅಡಿಕೆಯೇ. ಆದರೆ ಅಡಿಕೆ ಮರ ಭತ್ತದ ಹಾಗೆ ಹೊಡೆ ಹಾಕುವುದಿಲ್ಲ. ಬಸುರಿಯೇ ಇಲ್ಲದ ಮೇಲೆ ಬಯಕೆ ಯಾರದ್ದು? ಇದನ್ನು ಫೋನಿನಲ್ಲಿ ಅಜ್ಜಿಯ ಹತ್ತಿರ ಕೇಳಿದೆ.

"ಗದ್ದೆ ಹೋಯ್ತು ಪುಟ್ಟಾ, ಭೂಮಿ ಎಲ್ಲಿಗೆ ಹೋಗ್ತದೆ?" ಎಂದರು. "ಅಲ್ಲೇ ಉಂಟಲ. ಅದಕ್ಕೂ ಹಸಿವು ಇರ್ತದೆ."

ಅಜ್ಜಿ ಈಗ ತೋಟಕ್ಕೇ ಬುಟ್ಟಿ ಕಳಿಸುತ್ತಾರೆ. ಅಜ್ಜನಿಗೆ ಮಂಡಿ ನೋವು. ಹೋದ ವರ್ಷ ಪಕ್ಕದ ಮನೆಯ ಮಾವ ಎರಡೂ ಮನೆಯ ಬುಟ್ಟಿ ಹೊತ್ತರು. ಈ ವರ್ಷ ಅವರು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾರೆ. ಹಾಗಾಗಿ ಅಜ್ಜಿ "ಈ ಸಲ ಮನೆ ಅಂಗಳದಲ್ಲೇ ಒಂದು ಎಲೆ ಇಟ್ಟು ಕೈ ಮುಗಿದರೆ ಸಾಕಾ ಅಂತ" ಎನ್ನುತ್ತಿದ್ದರು. ಅಮ್ಮ ಸಾಕು ಎಂದರು. ನಾನು ಬೇಡ ಎಂದೆ. ಸಣ್ಣ ಬುಟ್ಟಿ ಮಾಡಿ, ನೀವೇ ಹೊತ್ತುಕೊಂಡು ಹೋಗಿ, ಹೆಂಗಸರು ಹೊರಬಾರದು ಅಂತ ಭೂಮಿ ಹೇಳಿದೆಯಾ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಜ್ಜಿ ನಕ್ಕರು. "ಹಂಗಾರೆ ಹೊರ್ತೆ" ಎಂದರು.

ಇಲ್ಲಿ ನಾವೂ ಒಂದು ಬುಟ್ಟಿ ಮಾಡುತ್ತಿದ್ದೇವೆ. ಸೆಂಟರ್‌ವಿಲ್‌ನಲ್ಲಿ ಹಿತ್ತಲು ಅಗೆದವರಿಗೆ ಗೊತ್ತು, ನಮ್ಮ ಮಣ್ಣು ಕೆಂಪು. ಮಳೆ ಬಂದರೆ ಶೂ ಬಿಡದೇ ಹಿಡಿದುಕೊಳ್ಳುವ ಜಿಗುಟು ಕೆಮ್ಮಣ್ಣು. ಅದನ್ನೇ ನೀರಿನಲ್ಲಿ ಕಲಸಿ ಈಸ್ಟರ್ ಬುಟ್ಟಿಯೊಂದಕ್ಕೆ ಬಳಿದಿದ್ದೇನೆ, ಅಕ್ಕಿ ಹಿಟ್ಟಿನ ಗೆರೆ ಎಳೆಯುವುದು ಭಾನುವಾರದ ಕೆಲಸ. ಹಲಸಿನ ಎಲೆ ಇಲ್ಲ, ಆದ್ದರಿಂದ ಕೊಟ್ಟೆ ಕಡುಬು ಇಲ್ಲ, ಬರೀ ಕಡುಬು. ಹಿತ್ತಲಲ್ಲಿ ಹೀರೆಕಾಯಿ ಬಳ್ಳಿ ಒಣಗುತ್ತಾ ಬಂದಿದೆ. ಬೇಸಿಗೆಯಲ್ಲಿ ಎಲ್ಲ ಕೊಟ್ಟು ಮುಗಿಸಿ ಈಗ ಚಳಿಗೆ ಮಲಗಲು ಹೊರಟ ಭೂಮಿ ಇದು. ಬಸುರಿಯಲ್ಲ, ಬಾಣಂತಿ ಎಂದು ಅಮ್ಮ ತಿದ್ದಿದರು. ಬಾಣಂತಿಗೂ ಊಟ ಬೇಕಲ್ಲವೇ? ಬೀರಿದ ಅನ್ನಕ್ಕೆ ಬರುವುದು ಕಾಗೆ, ಇಲಿಯ ಬದಲು ಅಳಿಲು, ಜಿಂಕೆ. ಅನ್ನ ಒಂದೆರಡು ಹಿಡಿಗಿಂತ ಹೆಚ್ಚು ಹಾಕಬೇಡಿ, ಪಕ್ಕದ ಮನೆಯವರು ದೂರು ಕೊಟ್ಟಾರು.

ಸಮಯದ ವಿಷಯ ಹೇಳಿ ಮುಗಿಸುತ್ತೇನೆ, ನೀವೂ ಊರಿಗೆ ಫೋನ್ ಮಾಡುವವರಿದ್ದರೆ ಉಪಯೋಗಕ್ಕೆ ಬಂದೀತು. ಚಂದ್ರ ಪೂರ್ತಿ ಹುಣ್ಣಿಮೆಯಾಗುವುದು ನಮ್ಮ ಸಮಯ ಸೋಮವಾರ ರಾತ್ರಿ 11 ಗಂಟೆ 47 ನಿಮಿಷಕ್ಕೆ. ಆದರೆ ಅಷ್ಟು ಹೊತ್ತು ಕಾಯಬೇಡಿ. ಸೂಜೋಗೂ ನಮಗೂ ಸರಿಯಾಗಿ ಹನ್ನೆರಡು ಗಂಟೆಯ ವ್ಯತ್ಯಾಸ. ಇಲ್ಲಿ ಚಂದ್ರ ಮೇಲೆ ಬರುವಾಗ ಅಲ್ಲಿ ಬೆಳಗಾಗಿ ಅವನು ಮುಳುಗಿರುತ್ತಾನೆ. ನನ್ನ ಗೆಳತಿ ಮತ್ತು ಅವಳ ವೈಪೊ ಒಂದೇ ಚಂದ್ರನನ್ನು ನೋಡುತ್ತಾರೆ, ಆದರೆ ಒಂದೇ ಕ್ಷಣದಲ್ಲಿ ಅಲ್ಲ. ಕರ್ನಾಟಕಕ್ಕೆ ವ್ಯತ್ಯಾಸ ಒಂಬತ್ತೂವರೆ ಗಂಟೆ. ನಮಗೆ ಸೋಮವಾರ ಸಂಜೆ ಏಳೂವರೆಯಿಂದ ಎಂಟೂವರೆ ಎಂದರೆ ಸಾಗರದಲ್ಲಿ ಮಂಗಳವಾರ ಬೆಳಗಿನ ಐದರಿಂದ ಆರು, ಬುಟ್ಟಿ ಹೊರಡುವ ಹೊತ್ತು. ಅಲ್ಲಿ ಚಂದ್ರ ಪಶ್ಚಿಮದಲ್ಲಿ ಇಳಿಯುತ್ತಿರುತ್ತಾನೆ, ಇಲ್ಲಿ ಪೂರ್ವದಲ್ಲಿ ಏರುತ್ತಿರುತ್ತಾನೆ. ಆ ಒಂದು ಗಂಟೆ ಇಬ್ಬರಿಗೂ ಕಾಣುತ್ತಾನೆ. ಗೆಳತಿಗೆ ಇದನ್ನು ಹೇಳಿದ್ದಕ್ಕೆ ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಐದನೇ ತುಂಡು ಹಿಡಿದುಕೊಂಡು ನಮ್ಮ ಹಿತ್ತಲಿಗೇ ಬರುತ್ತೇನೆ ಎಂದಿದ್ದಾಳೆ.

ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕೆರೆ ಏರಿಯ ಮೇಲೆ ಎರಡು ಕಡ್ಡಿ ಬರುತ್ತದೆ, ಅಜ್ಜಿ ಅಲ್ಲಿ ಬುಟ್ಟಿ ಇಳಿಸಿ ಒಂದು ನಿಮಿಷ ನಿಲ್ಲುತ್ತಾರಂತೆ. ಮೊದಲೇ ಫೋನ್ ಹಾಕಬೇಡ, ಕೈ ಖಾಲಿ ಇರುವುದಿಲ್ಲ ಎಂದು ಎರಡು ಸಲ ಹೇಳಿದ್ದಾರೆ.